ಬ್ರೆಡ್ಡಕ್ಕನ ಇಟಲಿ ಕಾರು ಕ್ಲಬ್ಬಿಗೆ ಸೇರಿದ್ದು

ಬೇಕರಿಯ ಹಿಂಬಾಗಿಲು ಇನ್ನೂ ಅರ್ಧವೇ ತೆರೆದಿದೆ. ಒಳಗಿನ ದೀಪದ ಬೆಳಕು ಗಲ್ಲಿಯ ಕಲ್ಲುಹಾಸಿನ ಮೇಲೆ ಉದ್ದಕ್ಕೆ ಬಿದ್ದಿದೆ. ಆ ಬೆಳಕಿನೊಳಕ್ಕೆ ಹಿಮ್ಮುಖವಾಗಿ ಬಂದು ನಿಲ್ಲುತ್ತದೆ ಒಂದು ಪುಟ್ಟ ಕಾರು. ದುಂಡು ಬೆನ್ನು, ಕೆನೆ ಬಣ್ಣ, ಮುಂದೆ ಎರಡು ಗುಂಡು ದೀಪ. ಇಟಲಿಯ ಕಾರು. ಇಂಥದ್ದನ್ನು ಈಗ ನೋಡಬೇಕೆಂದರೆ ಒಂದೋ ಶ್ರೀಮಂತರ ಗ್ಯಾರೇಜಿಗೆ ಹೋಗಬೇಕು, ಇಲ್ಲವೇ ಈ ಹೊತ್ತಿಗೆ ಎದ್ದು ಈ ಗಲ್ಲಿಗೆ ಬರಬೇಕು. ಎರಡನೆಯದು ಸುಲಭ, ಏಳುವುದೊಂದನ್ನು ಬಿಟ್ಟರೆ.

ಕಾರಿನಿಂದ ಇಳಿಯುವ ಹೆಂಗಸಿಗೆ ಐವತ್ತಾರು ವರ್ಷ. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದಾರೆ, ಸ್ವೆಟರಿನ ತೋಳನ್ನು ಮೊಣಕೈವರೆಗೆ ಮಡಚಿದ್ದಾರೆ. "ಇವತ್ತೂ ಬನ್ನಿನ ತಲೆ ಕಪ್ಪು ಮಾಡಿದ್ದೀರಾ, ಇಲ್ಲ ಉಳಿಸಿದ್ದೀರಾ?" ಎಂದು ಒಳಗೆ ಕೂಗುತ್ತಾರೆ. ಉತ್ತರಕ್ಕೆ ಕಾಯದೆ ಮೊದಲ ಟ್ರೇ ಎತ್ತಿ ಕಾರಿನ ಹಿಂಭಾಗಕ್ಕೆ ಸರಿಸುತ್ತಾರೆ. ಅಲ್ಲಿ ಸೀಟಿಲ್ಲ. ಸೀಟಿದ್ದ ಜಾಗದಲ್ಲಿ ಕಬ್ಬಿಣದ ಹಲಗೆಗಳ ಗೂಡಿದೆ. ಒಂದೊಂದೇ ಟ್ರೇ ಅದರೊಳಗೆ ಸರಕ್ಕನೆ ಹೋಗಿ ಕೂರುತ್ತದೆ.

ಮುಂದಿನ ಸೀಟಿನಲ್ಲಿ, ಬೆನ್ನಿಗೊಂದು ದಿಂಬು ಕೊಟ್ಟುಕೊಂಡು, ಮಫ್ಲರ್ ಸುತ್ತಿಕೊಂಡ ಗಂಡಸೊಬ್ಬರು ಕೂತಿದ್ದಾರೆ. ಇಳಿಯುವುದಿಲ್ಲ, ತಿರುಗಿಯೂ ನೋಡುವುದಿಲ್ಲ.

"ಎಡಗಡೆ ಭಾರ ಜಾಸ್ತಿ ಆಯ್ತು ಇವಳೇ," ಎನ್ನುತ್ತಾರೆ.

"ನೀವೇ ಎಡಗಡೆ ಕೂತಿದ್ದೀರಲ್ರೀ, ಆಗದೆ ಏನಾಗುತ್ತೆ?"

ಬೇಕರಿಯೊಳಗೆ ನಗು. ಈ ಮಾತು ಅಲ್ಲಿನವರಿಗೆ ಹೊಸದಲ್ಲ. ಹದಿನೆಂಟು ವರ್ಷಗಳಿಂದ ಹೆಚ್ಚುಕಡಿಮೆ ಇದೇ ಮಾತು, ಇದೇ ನಗು. ಆದರೆ ಇನ್ನು ಐದಾರು ದಿನ ಮಾತ್ರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಗರದಲ್ಲಿ ಹೊಸ ನಿಯಮ ಜಾರಿಗೆ ಬರುತ್ತದೆ. ವಯಸ್ಸು ಮೀರಿದ ಗಾಡಿಗಳೆಲ್ಲ ಗುಜರಿಗೆ. ಹಳೇ ಕಾರುಗಳ ಕ್ಲಬ್ಬಿನವರು 'ಇದು ಜೋಪಾನ ಮಾಡಬೇಕಾದ ಗಾಡಿ' ಎಂದು ಒಪ್ಪಿದರೆ ಮಾತ್ರ ವಿನಾಯಿತಿ. ಆದರೆ ಹಾಗೆ ಉಳಿದ ಗಾಡಿ ದುಡಿಯುವಂತಿಲ್ಲ. ಬಾಡಿಗೆಗೆ ಹೋಗುವಂತಿಲ್ಲ, ಮಾಲು ಹೊರುವಂತಿಲ್ಲ. ಕಾರು ಉಳಿಯಬೇಕೆಂದರೆ ಬ್ರೆಡ್ಡು ಬಿಡಬೇಕು. ಬ್ರೆಡ್ಡು ಬಿಡುವುದಿಲ್ಲವೆಂದರೆ ಕಾರು ತೂಕಕ್ಕೆ ಹೋಗುತ್ತದೆ. ಈ ಇಕ್ಕಟ್ಟಿನಲ್ಲಿ ಸಿಕ್ಕವರು ಇಡೀ ಊರಿಗೆ ಒಬ್ಬರೇ ಇರಬೇಕು. ಬೇರೆ ಯಾರೂ ಇಂಥ ಕಾರಿನಲ್ಲಿ ಬ್ರೆಡ್ಡು ಸಾಗಿಸುತ್ತಿಲ್ಲ.

ಊರಿನವರಿಗೆ ಇವರು ಬ್ರೆಡ್ಡಕ್ಕ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಹೆತ್ತ ಮಗಳು ಕೂಡ ಫೋನಿನಲ್ಲಿ ಅಮ್ಮನ ನಂಬರನ್ನು 'ಬ್ರೆಡ್ಡಮ್ಮ' ಎಂದೇ ಇಟ್ಟುಕೊಂಡಿದ್ದಾಳಂತೆ.

ಟ್ರೇ ತುಂಬಿದ ಮೇಲೆ ಕಾರಿನ ಹಿಂಭಾಗ ಕುಸಿಯುತ್ತದೆ, ಮೂಗು ಮೇಲೇಳುತ್ತದೆ. ಚೋಕ್ ಎಳೆದು, ಒಮ್ಮೆ ಕೆಮ್ಮಿಸಿ, ಎರಡನೇ ಸಲಕ್ಕೆ ಎಂಜಿನ್ನನ್ನು ಎಬ್ಬಿಸುತ್ತಾರೆ. ಸ್ಟೀರಿಂಗ್ ಪಕ್ಕದಲ್ಲೇ ಇರುವ ಗೇರಿನ ಕಡ್ಡಿಯನ್ನು ಎರಡು ಬೆರಳಲ್ಲಿ ಎಳೆದು ಹೊರಡುತ್ತಾರೆ. ಮೈ ಕೊರೆಯುವ ಚಳಿಯಲ್ಲೂ ಕಿಟಕಿಗಳೆಲ್ಲ ಪೂರಾ ತೆರೆದಿವೆ. ಇವರ ಬಗ್ಗೆ ಬರೆಯಲೆಂದು ಜೊತೆಗೆ ಹೊರಟು, ಹಿಂದೆ ಟ್ರೇಗಳ ಪಕ್ಕ ಮುದುಡಿ ಕೂತ ನನ್ನ ಹಲ್ಲು ಕಟಕಟಿಸುವುದನ್ನು ಕೇಳಿ ಕಾರಣ ಹೇಳುತ್ತಾರೆ.

"ಬಿಸಿ ಬ್ರೆಡ್ಡು ಬೆವರುತ್ತೆ. ಕಿಟಕಿ ಹಾಕಿದ್ರೆ ಆ ಬೆವರು ಮತ್ತೆ ಅದರ ಮೇಲೇ ಇಳಿದು ಮೆತ್ತಗಾಗುತ್ತೆ. ನಿಮಗೆ ಒಂದು ದಿನ ಚಳಿಯಾದ್ರೆ ಏನೂ ಆಗಲ್ಲ ಬಿಡಿ."

ದಾರಿ ಸಣ್ಣದಲ್ಲ. ಮೊದಲು ದೊಡ್ಡಾಸ್ಪತ್ರೆಯ ಅಡುಗೆಮನೆ, ಆಮೇಲೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲು, ಬಸ್ ಡಿಪೋದ ಕ್ಯಾಂಟೀನು, ಎರಡು ಶಾಲೆ, ಕೊನೆಗೆ ಒಂದಷ್ಟು ಅಂಗಡಿ. ಮುನ್ನೂರು ಬ್ರೆಡ್ಡು, ಅದರ ಎರಡರಷ್ಟು ಬನ್ನು. ಎಲ್ಲ ಕಡೆಯೂ ಹಿಂಬಾಗಿಲೇ. ಈ ಊರಿನ ಮುಂಬಾಗಿಲುಗಳು ಹೇಗಿವೆಯೆಂದು ಬ್ರೆಡ್ಡಕ್ಕನಿಗೆ ಅಷ್ಟಾಗಿ ಗೊತ್ತಿಲ್ಲ. ಮಗಳ ಹೆರಿಗೆಗೆಂದು ಇದೇ ಆಸ್ಪತ್ರೆಗೆ ಹೋದಾಗ ಮುಂದಿನ ಗೇಟು ಹುಡುಕಲಾಗದೆ ಅಡುಗೆಮನೆಯ ಮೂಲಕವೇ ವಾರ್ಡಿಗೆ ನುಗ್ಗಿದರಂತೆ.

ಗಂಡನ ಕೆಲಸವೇನು ಎಂದರೆ, ಏನೂ ಇಲ್ಲ. ಕೂತಿರುವುದು. ಹಳ್ಳ ಬಂದರೆ "ನಿಧಾನ" ಎನ್ನುವುದು. ಪ್ರತಿ ಗೇಟಿನಲ್ಲೂ ಕಿಟಕಿಯಿಂದ ಕೈ ಹೊರಚಾಚಿ ಕಾವಲಿನವರೊಂದಿಗೆ, ಅಡುಗೆಯವರೊಂದಿಗೆ ನಾಲ್ಕು ಮಾತಾಡುವುದು. ಆಸ್ಪತ್ರೆಯ ಅಡುಗೆಯವನಿಗೆ ಮೊಣಕಾಲು ನೋವು, ಹಾಸ್ಟೆಲಿನ ಕಾವಲಮ್ಮನಿಗೆ ಸೊಸೆಯ ಕಾಟ, ಡಿಪೋದವನಿಗೆ ವರ್ಗಾವಣೆಯ ಭಯ. ಎಲ್ಲರ ಸಂಗತಿಯೂ ಇವರಿಗೆ ಗೊತ್ತು. ಹೆಂಡತಿ ಟ್ರೇ ಇಳಿಸಿ ಖಾಲಿ ಟ್ರೇ ಏರಿಸುವಷ್ಟರಲ್ಲಿ ಇವರ ವಿಚಾರಣೆಯೂ ಮುಗಿಯುತ್ತದೆ.

ಕಾರು ಮೂಲತಃ ಇವರದ್ದೂ ಅಲ್ಲ. ಹರೆಯದಲ್ಲಿ ಇವರು ಬಟ್ಟೆ ಅಂಗಡಿಯ ಸಾಹುಕಾರರೊಬ್ಬರ ಡ್ರೈವರು. ಸಾಹುಕಾರರು ಹೊಸ ಕಾರು ಕೊಂಡಾಗ, ಹಳೆಯದರ ಬೀಗದಕೈಯನ್ನು ಇವರ ಕೈಗಿಟ್ಟು ಕಳಿಸಿದರು. ಅದೇ ಟ್ಯಾಕ್ಸಿಯಾಯಿತು. ವರ್ಷಗಟ್ಟಲೆ ಊರನ್ನು ಹೊತ್ತು ತಿರುಗಿತು. ಆಮೇಲೆ ಒಂದು ದಿನ, ಪಂಕ್ಚರಾದ ಚಕ್ರ ಬಿಚ್ಚಲು ಬಗ್ಗಿದವರು ಮೇಲೇಳಲಿಲ್ಲ. ಬೆನ್ನುಮೂಳೆಯ ಬಿಲ್ಲೆ ಜಾರಿತ್ತು. ಆಪರೇಷನ್ ಆಯಿತು, ನಡೆದಾಡಬಹುದು, ಕೂರಬಹುದು, ಕ್ಲಚ್ ತುಳಿಯುವಂತಿಲ್ಲ ಎಂದರು ಆಸ್ಪತ್ರೆಯವರು.

ಆಗ ಬ್ರೆಡ್ಡಕ್ಕ ಇದೇ ಬೇಕರಿಯಲ್ಲಿ ಬ್ರೆಡ್ಡಿಗೆ ಕಾಗದ ಸುತ್ತುವ ಕೆಲಸದಲ್ಲಿದ್ದರು. ಬ್ರೆಡ್ಡು ಸಾಗಿಸುವ ವ್ಯಾನು ಪದೇಪದೇ ಕೈಕೊಡುತ್ತಿತ್ತು. "ನಮ್ಮನೇಲಿ ಒಂದು ಗಾಡಿ ಸುಮ್ನೆ ನಿಂತಿದೆ" ಎಂದು ಮಾಲೀಕರ ಮುಂದೆ ಬಾಯಿಬಿಟ್ಟರು. ಗಾಡಿ ಓಡಿಸಲು ಬರುವುದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

"ಇವರೇ ಕಲಿಸಿದ್ರು, ಪಕ್ಕದಲ್ಲಿ ಕೂತು. ಕಲಿಸಿದ್ದು ಸ್ವಲ್ಪ, ಕಿರುಚಿದ್ದು ಜಾಸ್ತಿ. ಒಂದು ದಿನ ನಡುರಸ್ತೆಯಲ್ಲಿ ಕಾರು ನಿಲ್ಲಿಸಿ, ಇಳಿದು, ಮನೆಗೆ ನಡ್ಕೊಂಡು ಹೋಗ್ಬಿಟ್ಟೆ. ಇವರು ಓಡಿಸೋ ಹಾಗಿಲ್ಲ, ಇಳಿದು ತಳ್ಳೋ ಹಾಗಿಲ್ಲ. ಕೂತಿದ್ರು ಪಾಪ, ಸಂಜೆವರೆಗೂ."

"ಸಂಜೆವರೆಗೂ ಅಲ್ಲ," ಎಂದು ಯಜಮಾನರು ತಿದ್ದುತ್ತಾರೆ. "ಊಟದ ಹೊತ್ತಿಗೆ ಬಂದಳು. ಊಟ ತಂದಿರ್ಲಿಲ್ಲ."

ಹಿಂದಿನ ಸೀಟನ್ನು ಕಿತ್ತು ಗೂಡು ಕೂರಿಸಿದ್ದು ಆಗಲೇ. ಕಿತ್ತ ಸೀಟು ಮನೆಯ ಮುಂದಿನ ಕೋಣೆಯಲ್ಲಿ, ಎರಡು ಮರದ ಪೆಟ್ಟಿಗೆಗಳ ಮೇಲೆ ಏರಿ, ಸೋಫಾ ಆಗಿದೆ. ಮಗಳು ಓದಿದ್ದು ಅದರ ಮೇಲೆ. ಅವಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದೂ ಅದರ ಮೇಲೆಯೇ. ಭಾವಿ ಮಾವ ಮೂವರ ನಡುವೆ ಸಿಕ್ಕಿಕೊಂಡು "ಕಾರಲ್ಲಿ ಕೂತ ಹಾಗಿದೆ" ಎಂದರಂತೆ.

ಹೊಸ ನಿಯಮದ ಸುದ್ದಿ ಕೇಳಿದಾಗ ಬ್ರೆಡ್ಡಕ್ಕ ಅಷ್ಟೇನೂ ತಲೆಕೆಡಿಸಿಕೊಳ್ಳಲಿಲ್ಲ. ತಲೆ ಕೆಟ್ಟಿದ್ದು ಯಜಮಾನರಿಗೆ. ಎರಡು ದಿನ ಸರಿಯಾಗಿ ಊಟ ಮಾಡದೆ, ಮೂರನೇ ದಿನ ಎಲ್ಲಿಂದಲೋ ಕ್ಲಬ್ಬಿನ ಅಧ್ಯಕ್ಷರ ನಂಬರು ಸಂಪಾದಿಸಿ ತಾವೇ ಫೋನ್ ಮಾಡಿದರು. ಅಧ್ಯಕ್ಷರು ನಿವೃತ್ತ ಕಣ್ಣಿನ ಡಾಕ್ಟರು. ಹಳೆಯ ಇಟಲಿ ಕಾರುಗಳೆಂದರೆ ಪ್ರಾಣ. ಇಂಥ ಕಾರು ಇದೇ ಊರಲ್ಲಿ, ಒಂದೇ ಮನೆಯಲ್ಲಿ ಇಷ್ಟು ವರ್ಷ ಇದೆಯೆಂದು ಕೇಳಿ ಅವರಿಗೆ ಸ್ವರ್ಗ ಮೂರೇ ಗೇಣು. ಮಾರನೇ ದಿನವೇ ಬಂದು ನೋಡಿದರು. ಮಧ್ಯಾಹ್ನದ ಹೊತ್ತು, ಟ್ರೇಗಳೆಲ್ಲ ಇಳಿದಿದ್ದವು. ಬ್ರೆಡ್ಡಿನ ಮಾತನ್ನು ಯಜಮಾನರು ಎತ್ತಲಿಲ್ಲ.

"ಸುಳ್ಳು ಹೇಳ್ಲಿಲ್ಲ," ಎನ್ನುತ್ತಾರೆ ಅವರು. "ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಗೂಡು ಏನಕ್ಕೆ ಅಂದ್ರು. ಸಾಮಾನು ಇಡೋಕೆ ಅಂದೆ. ಬ್ರೆಡ್ಡು ಸಾಮಾನಲ್ವಾ?"

ಕಾರು ಹೆಂಡತಿಯ ಹೆಸರಿಗೆ ಬದಲಾಗಿ ವರ್ಷಗಳೇ ಆಗಿದ್ದರಿಂದ ಕ್ಲಬ್ಬಿನ ಹೊಸ ಸದಸ್ಯೆಯಾದದ್ದು ಬ್ರೆಡ್ಡಕ್ಕ. ಮೊದಲ ಸಭೆಗೆ ಇಬ್ಬರೂ ಹೋದರು. ಮೆತ್ತನೆಯ ಕುರ್ಚಿಗಳ ಸಭಾಂಗಣ, ಗೋಡೆ ತುಂಬಾ ಕಾರುಗಳ ಫೋಟೊ. ಸದಸ್ಯರೊಬ್ಬರು ಎದ್ದುನಿಂತು, ತಮ್ಮ ಕೆಂಪು ಕಾರಿಗೆ ಚಳಿಗಾಲಕ್ಕೆಂದೇ ಉಣ್ಣೆಯ ಹೊದಿಕೆ ಹೊಲಿಸಿರುವುದಾಗಿಯೂ, ಕಳೆದ ವರ್ಷದ ಸವಾರಿಯ ನಂತರ ಅದನ್ನು ಹೊರಗೆ ತೆಗೆದಿಲ್ಲವೆಂದೂ ತಿಳಿಸಿದರು. ಎಲ್ಲರೂ ಮೆಚ್ಚಿ ತಲೆಯಾಡಿಸಿದರು. ಬ್ರೆಡ್ಡಕ್ಕನಿಗೆ ಮಾತ್ರ ಇದು ಅರ್ಥವಾಗಲಿಲ್ಲ.

"ಹಾಗಾದ್ರೆ ತರಕಾರಿ ತರೋಕೆ ಯಾವುದರಲ್ಲಿ ಹೋಗ್ತೀರಿ ಅಂತ ಕೇಳಿದೆ. ಅದಕ್ಕೆ ಬೇರೆ ಕಾರಿದೆ ಅಂದ್ರು. ಹಾಗಾದ್ರೆ ಇದು ಯಾತಕ್ಕೆ ಅಂದೆ. ಇವರು ನನ್ನ ಕಾಲು ತುಳಿದ್ರು. ಡಾಕ್ಟ್ರು ಒಳ್ಳೆಯವರು, ನಕ್ಕು, 'ಇದು ಸಂತೋಷಕ್ಕಮ್ಮ' ಅಂದ್ರು. ಸಂತೋಷಕ್ಕೆ ಅಂತ ಬೇರೆ ಗಾಡಿ ಇಡ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ ನೋಡಿ."

'ಕ್ಲಾಸಿಕ್' ಎಂಬ ಪದ ಕಿವಿಗೆ ಬಿದ್ದದ್ದೂ ಅಲ್ಲೇ. ಹಳೆಯದಾಗಿದ್ದು, ಇನ್ನೂ ಚೆನ್ನಾಗಿದ್ದು, ಸುಲಭಕ್ಕೆ ಬಿಡಿಭಾಗ ಸಿಗದಿದ್ದರೆ ಅದು ಕ್ಲಾಸಿಕ್ ಎಂದು ಪಕ್ಕದಲ್ಲಿದ್ದವರು ವಿವರಿಸಿದರು. ಬ್ರೆಡ್ಡಕ್ಕ ಗಂಡನನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದ್ರೆ ಇವರಿಗೂ ಒಂದು ಕ್ಲಬ್ಬಿನ ಬಿಲ್ಲೆ ಕೊಡಿ" ಎಂದರಂತೆ.

ಆದರೆ ಆ ದಿನ ಬ್ರೆಡ್ಡಕ್ಕ ಇನ್ನೊಂದನ್ನು ಗಮನಿಸಿದರು. ಯಜಮಾನರ ಸುತ್ತ ಐದಾರು ಜನ ಸೇರಿದ್ದರು. ಯಾವ ಕಾಲದ ಕಾರ್ಬ್ಯುರೇಟರು, ಏರಿನಲ್ಲಿ ಬಿಸಿಯಾದರೆ ಏನು ಮಾಡ್ತಿದ್ರಿ, ಒಂದೇ ಎರಡೇ ಪ್ರಶ್ನೆ. ಆಪರೇಷನ್ ಆದಂದಿನಿಂದ ಅವರನ್ನು ಯಾರೂ ಏನೂ ಕೇಳಿರಲಿಲ್ಲ, 'ಬೆನ್ನು ಹೇಗಿದೆ' ಎನ್ನುವುದೊಂದನ್ನು ಬಿಟ್ಟು. ಮನೆಗೆ ಬಂದವರೇ ಒಂದು ಬಟ್ಟೆ ತೆಗೆದುಕೊಂಡು, ನಿಂತಲ್ಲಿಂದ ಕೈಗೆಟುಕುವಷ್ಟು ಜಾಗವನ್ನೆಲ್ಲ ಒರೆಸಿದರು. ಕಾರಿನ ಮೇಲರ್ಧ ಅಂದಿನಿಂದ ಫಳಫಳ ಹೊಳೆಯುತ್ತದೆ. ಕೆಳಗಿನ ಅರ್ಧಕ್ಕೆ ಬಗ್ಗಬೇಕಲ್ಲ.

ಕ್ಲಬ್ಬಿನ ಕಟ್ಟಳೆಯ ಪ್ರಕಾರ ಹೊಸ ಸದಸ್ಯರು ಒಂದು ಸವಾರಿಯಲ್ಲಾದರೂ ಪಾಲ್ಗೊಳ್ಳಬೇಕು. ಎಲ್ಲ ನೋಡಿ ಆದ ಮೇಲೆಯೇ ಅಧ್ಯಕ್ಷರು ಹೂಂ ಅನ್ನುವುದು. ಈ ತಿಂಗಳ ಎರಡನೇ ಭಾನುವಾರ, ಬೆಳಕು ಹರಿಯುವ ಮೊದಲೇ ಹೊರಟು ಕೆರೆದಂಡೆಯಲ್ಲಿ ಸೂರ್ಯೋದಯ ನೋಡಿ ಬರುವುದು ಎಂದು ನಿಶ್ಚಯವಾಯಿತು. ಶನಿವಾರ ಸಂಜೆ ಅಳಿಯ ಬಂದು ಗೂಡು ಬಿಚ್ಚಿದ. ಸೋಫಾ ಮರಳಿ ಕಾರಿನೊಳಗೆ ಹೋಗಿ ಸೀಟಾಯಿತು. ಮನೆಯವರು ನೆಲದ ಮೇಲೆ ಕೂತು ಊಟ ಮಾಡಿದರು. ಭಾನುವಾರದ ಬ್ರೆಡ್ಡನ್ನು ಬೇಕರಿಯವರೇ ತಮ್ಮ ಹೊಸ ಮೂರು ಚಕ್ರದ ಗಾಡಿಯಲ್ಲಿ ಕಳಿಸುವುದೆಂದು ಮಾತಾಯಿತು.

ಹದಿನಾಲ್ಕು ಕಾರುಗಳ ಸಾಲು, ಹೆಚ್ಚಿನವು ಇಟಲಿಯವೇ. ಮುಂದೆ ಡಾಕ್ಟರು, ಹೊಸ ಸದಸ್ಯೆ ಎಂಬ ಮರ್ಯಾದೆಗೆ ಎರಡನೆಯದಾಗಿ ಬ್ರೆಡ್ಡಕ್ಕ, ಹಿಂದೆ ಉಳಿದವರು. ಹೊರಡುವ ಮುನ್ನ ಒಬ್ಬಿಬ್ಬರು ಇವರ ಕಾರಿನೊಳಗೆ ಮೂಗು ತೂರಿಸಿ, "ಆಹಾ, ಏನು ಘಮ! ಹಳೇ ಚರ್ಮದ್ದೇ ಇರಬೇಕು" ಎಂದರು. ಯಜಮಾನರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ದೊಡ್ಡ ವೃತ್ತದ ಹತ್ತಿರ ಡಾಕ್ಟರ ಕಾರು ದಾಟಿತು, ಕೆಂಪು ದೀಪ ಬಿತ್ತು. ಹಸಿರಾಗುವಷ್ಟರಲ್ಲಿ ಡಾಕ್ಟರು ಕಣ್ಮರೆ. ಈಗ ಸಾಲಿಗೆ ಬ್ರೆಡ್ಡಕ್ಕನೇ ಮುಂದಾಳು. ಇಲ್ಲಿ ಇನ್ನೊಂದು ಪೇಚಿತ್ತು. ಟ್ರೇ ತುಂಬಿದಾಗ ಕಾರಿನ ಮೂಗು ಮೇಲೇಳುವುದರಿಂದ, ಇವರು ಎಂದೋ ಮುಂದಿನ ದೀಪಗಳನ್ನು ಕೆಳಕ್ಕೆ ತಿರುಗಿಸಿಟ್ಟಿದ್ದರು. ಅಂದು ಭಾರವಿಲ್ಲ. ಬೆಳಕೆಲ್ಲ ಬಂಪರಿನ ಮುಂದೆ ಎರಡು ಮಾರು ಜಾಗದಲ್ಲೇ ಬಿದ್ದಿತ್ತು. ದೂರದ್ದೇನೂ ಕಾಣದು. ಕಣ್ಣು ಕಾಣದಿದ್ದರೆ ಕೈ ತನಗೆ ಗೊತ್ತಿದ್ದ ಕಡೆಗೆ ತಾನೇ ತಿರುಗುತ್ತದೆ. ಕೆರೆಗೆ ಎಡಕ್ಕೆ ಹೋಗಬೇಕಿತ್ತು. ಬ್ರೆಡ್ಡಕ್ಕ ಬಲಕ್ಕೆ ಹೊರಳಿದರು.

"ನೀವಾದ್ರೂ ಹೇಳ್ಬಾರದಿತ್ತಾ?" ಎಂದು ನಾನು ಯಜಮಾನರನ್ನು ಕೇಳುತ್ತೇನೆ.

"ಹೇಳಿದೆನಲ್ಲ," ಎನ್ನುತ್ತಾರೆ ಅವರು. "ಗಲ್ಲಿ ತಿರುವಲ್ಲಿ ಹಳ್ಳ ಇದೆ ನಿಧಾನ ಅಂದೆ. ದಿನಾ ಹೇಳೋ ಹಾಗೆ."

ಹದಿಮೂರು ಕಾರು ಒಂದರ ಹಿಂದೊಂದು ಆಸ್ಪತ್ರೆಯ ಹಿಂದಿನ ಗಲ್ಲಿಗೆ ನುಗ್ಗಿದವು. ಎರಡೂ ಕಡೆ ಎತ್ತರದ ಗೋಡೆ, ಒಂದೇ ಗಾಡಿ ಹಿಡಿಯುವಷ್ಟು ಅಗಲ, ಆಚೆ ತುದಿಯಲ್ಲಿ ಅಡುಗೆಮನೆಯ ಗೇಟು. ಮುಂದೆ ಹೋಗುವಂತಿಲ್ಲ, ತಿರುಗಿಸುವಂತಿಲ್ಲ. ಬ್ರೆಡ್ಡಕ್ಕ ಅಭ್ಯಾಸದಂತೆ ಎರಡು ಸಲ ಹಾರನ್ ಒತ್ತಿದರು. ಗೇಟು ತೆರೆಯಿತು. ಮೊಣಕಾಲು ನೋವಿನ ಅಡುಗೆಯವ ಕುಂಟುತ್ತ ಬಂದ.

"ಬಂದ್ಯಾ ಅಕ್ಕಾ? ಇವತ್ತು ಯಾರೋ ಬೇರೆಯವರು ಬರ್ತಾರೆ ಅಂದ್ರು, ಇನ್ನೂ ಪತ್ತೆ ಇಲ್ಲ. ರೋಗಿಗಳೆಲ್ಲ ಕಾಯ್ತಿದ್ದಾರೆ, ಬೇಗ ಇಳಿಸು." ಆಮೇಲೆ ಹಿಂದೆ ನೋಡಿದ. "ಇವರೆಲ್ಲ ಯಾರು?"

ಬ್ರೆಡ್ಡಕ್ಕನಿಗೆ ತಾವು ಎಲ್ಲಿದ್ದೇವೆಂದು ಹೊಳೆದದ್ದು ಆಗ. ಸ್ಟೀರಿಂಗಿಗೆ ಹಣೆ ಒತ್ತಿ ಕೂತುಬಿಟ್ಟರು. ಅಷ್ಟರಲ್ಲಿ ಹಿಂದೆ, ಗಲ್ಲಿಯ ಬಾಯಲ್ಲಿ, ಬೇಕರಿಯ ಮೂರು ಚಕ್ರದ ಗಾಡಿಯೂ ಬಂತು, ಬ್ರೆಡ್ಡು ಹೊತ್ತು. ಒಳಗೆ ಬರಲು ಜಾಗವೆಲ್ಲಿದೆ? ಇಟಲಿ ತುಂಬಿಕೊಂಡಿತ್ತು.

ಮುಂದಿನದನ್ನು ಅಡುಗೆಯವನ ಬಾಯಿಂದಲೇ ಕೇಳಬೇಕು. ಅವನು ಹೇಳುತ್ತ ನಕ್ಕು ನಕ್ಕು ಕೆಮ್ಮುತ್ತಾನೆ. ಮೊದಲು ಇಳಿದವರು ಉಣ್ಣೆ ಹೊದಿಕೆಯ ಸಾಹೇಬರು. "ಏನ್ಮಾಡೋದು, ಕೈ ಕೈ ದಾಟಿಸೋಣ" ಎಂದರು. ಸವಾರಿಗೆಂದು ಹಾಕಿಕೊಂಡಿದ್ದ ಬಿಳಿ ಕೈಗವಸಿನಲ್ಲೇ ಟ್ರೇ ಹಿಡಿದರು. ಗೋಡೆಗೆ ಮೈಯುಜ್ಜಿ, ಕಾರುಗಳ ಮೇಲಿಂದ, ಒಬ್ಬರಿಂದ ಒಬ್ಬರಿಗೆ ಟ್ರೇಗಳು ಬಂದವು. "ಹುಷಾರು, ಬಣ್ಣ!" ಎಂದು ಒಬ್ಬರು, "ಹುಷಾರು, ಬನ್ನು!" ಎಂದು ಬ್ರೆಡ್ಡಕ್ಕ. ಹಿಂದೆ ಯಾರೂ ಇಲ್ಲದ್ದನ್ನು ಕಂಡು ಹುಡುಕಿಕೊಂಡು ವಾಪಸು ಬಂದ ಡಾಕ್ಟರ ಕೈಗೂ, ಅವರು ಬಾಯಿ ತೆರೆಯುವ ಮೊದಲೇ, ಒಂದು ಟ್ರೇ ಬಂತು. ಅವರೂ ದಾಟಿಸಿದರು. ಕೊನೆಗೆ ಅಡುಗೆಯವನು ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಟೀ ಕೊಟ್ಟ. ಸೂರ್ಯ ಹುಟ್ಟಿದ್ದನ್ನು ಆಸ್ಪತ್ರೆಯ ನೀರಿನ ಟ್ಯಾಂಕಿನ ಪಕ್ಕದಲ್ಲೇ ನೋಡಿದರು.

ನಗು ಎಲ್ಲ ಇಳಿದ ಮೇಲೆ ಡಾಕ್ಟರು ಬ್ರೆಡ್ಡಕ್ಕನ ಹತ್ತಿರ ಬಂದರು.

"ಅಮ್ಮಾ, ಈ ಕಾರಲ್ಲಿ ಇನ್ನೂ ಬ್ರೆಡ್ಡು ಹೊರ್ತೀರಾ?"

ಇಲ್ಲ ಎಂದಿದ್ದರೆ ಬಹುಶಃ ನಡೆದುಹೋಗುತ್ತಿತ್ತು. ಡಾಕ್ಟರು ಕೇಳಿದ ರೀತಿಯೇ 'ಇಲ್ಲ ಎನ್ನಿ' ಎಂಬಂತಿತ್ತು ಎಂದು ಅಡುಗೆಯವ ಆಣೆ ಮಾಡಿ ಹೇಳುತ್ತಾನೆ.

"ಹೂಂ ಸಾರ್. ನಿನ್ನೆ ಹೊತ್ತಿದ್ದೀನಿ, ನಾಳೆನೂ ಹೊರ್ತೀನಿ," ಎಂದರು ಬ್ರೆಡ್ಡಕ್ಕ.

ಹಾಗಿದ್ದರೆ ತಾವು ಒಪ್ಪಿಗೆ ಕೊಡಲಾಗದು, ಕೊಟ್ಟರೆ ಉಳಿದ ಕಾರುಗಳ ಬುಡಕ್ಕೂ ಬರುತ್ತದೆ ಎಂದರು ಡಾಕ್ಟರು. ಆದರೆ ತಿಂಗಳು ಮುಗಿಯಲು ಇನ್ನೂ ದಿನಗಳಿವೆ. ಕೊನೆಯ ದಿನ ಗೂಡು ಬಿಚ್ಚಿ, ಇನ್ನು ಹೊರುವುದಿಲ್ಲ ಎಂದು ಹೇಳಿದರೆ ಆ ಕ್ಷಣವೇ ಹೂಂ ಅನ್ನುತ್ತೇನೆ ಎಂದರು. ಅವರಿಗೆ ಕೋಪವಿರಲಿಲ್ಲ. ಹೊರಡುವಾಗ ಒಂದು ಬನ್ನು ಕೇಳಿ ತಿಂದರು.

ಸೀಟು ಮತ್ತೆ ಮನೆಗೆ ಬಂದು ಸೋಫಾ ಆಯಿತು, ಗೂಡು ಮತ್ತೆ ಕಾರು ಸೇರಿತು. ಈ ತಿಂಗಳು ಕಾರಿಗಿಂತ ಹೆಚ್ಚು ಓಡಾಡಿದ್ದು ಆ ಸೋಫಾ ಎಂದು ಅಳಿಯ ಗೊಣಗಿದ್ದು ನ್ಯಾಯವೇ.

ಬ್ರೆಡ್ಡಕ್ಕನ ಕೆಲಸಕ್ಕೆ ಕುತ್ತಿಲ್ಲ. ಬೇಕರಿಯ ಮಾಲೀಕರು ಒಂದನೇ ತಾರೀಖಿನಿಂದ ಮೂರು ಚಕ್ರದ ಗಾಡಿಯನ್ನು ಅವರ ಕೈಗೇ ಕೊಡುತ್ತಿದ್ದಾರೆ. "ಗಾಡಿ ಯಾವುದಾದ್ರೇನು, ಬ್ರೆಡ್ಡು ತಲುಪಬೇಕು" ಎಂದು ಮಾಲೀಕರು ಮಾತು ಮುಗಿಸಿದ್ದಾರೆ. ಹಾಗಾದರೆ ಎಲ್ಲ ಸರಿಹೋಯಿತಲ್ಲ, ಕಾರೂ ಉಳಿಯಿತು ಬ್ರೆಡ್ಡೂ ಉಳಿಯಿತು ಎಂದು ನಾನು ಹೇಳಿದ್ದು, ಸುತ್ತು ಮುಗಿಸಿ ಬಂದು ಬ್ರೆಡ್ಡಕ್ಕ ಮನೆಯ ಹಿಂದೆ ಖಾಲಿ ಟ್ರೇ ತೊಳೆಯುತ್ತಿದ್ದಾಗ. ನಲ್ಲಿ ನಿಲ್ಲಿಸಿ, ಒಳಗೆ ಗಂಡನಿಗೆ ಕೇಳಿಸುತ್ತದೆಯೇ ಎಂದು ಒಮ್ಮೆ ನೋಡುತ್ತಾರೆ.

"ಆ ಗಾಡೀಲಿ ಒಂದೇ ಸೀಟು ಸಾರ್. ಡ್ರೈವರ್ ಸೀಟು. ಪಕ್ಕದಲ್ಲಿ ಇನ್ನೊಬ್ಬರು ಕೂರೋ ಹಾಗಿಲ್ಲ. ಇದ್ದಿದ್ರೂ ಅದರ ಕುಲುಕಾಟಕ್ಕೆ ಇವರ ಬೆನ್ನು ತಡೆಯಲ್ಲ. ಹದಿನೆಂಟು ವರ್ಷ, ಒಂದು ದಿನ ಬಿಡದೆ ಜೊತೆಗೆ ಬಂದಿದ್ದಾರೆ. ಜ್ವರ ಬಂದಾಗಲೂ ಬಂದಿದ್ದಾರೆ. ಕಾರು ಇದ್ರೆಷ್ಟು ಹೋದ್ರೆಷ್ಟು ನನಗೆ. ಒಂದನೇ ತಾರೀಖು ಬೆಳಗ್ಗೆ ಇವರನ್ನ ಮನೇಲಿ ಬಿಟ್ಟು ಹೇಗೆ ಹೋಗ್ಲಿ ಅನ್ನೋದೊಂದೇ ನನಗೆ."

ಯಜಮಾನರಿಗೂ ಇದು ಗೊತ್ತಿಲ್ಲದ್ದೇನಲ್ಲ. ಕಾರಿನ ಚಿಂತೆ ಎಂದು ಹೇಳಿಕೊಂಡು ಅವರು ಊಟ ಬಿಟ್ಟದ್ದೂ ಇದಕ್ಕೇ. ಸಂಜೆ ಸೋಫಾದ ಮೇಲೆ ಒರಗಿಕೊಂಡು, ಕೇಳದೆಯೇ ಹೇಳುತ್ತಾರೆ: "ಜನ ಕಾರು ನೋಡಿ ಗೇಟು ತೆಗೀತಾರೆ. ಕಾರು ನೋಡಿ ಕೈ ಬೀಸ್ತಾರೆ. ನಾನೇನು, ಅದರೊಳಗಿನ ಇನ್ನೊಂದು ಟ್ರೇ. ಕಾರು ಶೆಡ್ಡು ಸೇರಿದ್ರೆ ನಾನೂ ಶೆಡ್ಡು ಸೇರಿದ ಹಾಗೆ." ಹೇಳಿ ನಗುತ್ತಾರೆ. ನನಗೆ ನಗು ಬರಲಿಲ್ಲ.

ತಿಂಗಳ ಕೊನೆಯ ದಿನ ಡಾಕ್ಟರು ಮನೆಗೇ ಬರುತ್ತಾರೆ. ಗೂಡು ಬಿಚ್ಚಿದೆ, ಸೀಟು ಕೂತಿದೆ, ಕಾರಿನ ಕೆಳಗಿನ ಅರ್ಧವನ್ನು ಅಳಿಯ ಒರೆಸಿದ್ದಾನೆ. "ಇನ್ನು ಭಾರ ಹೊರಲ್ಲ ತಾನೆ?" ಎಂದು ಡಾಕ್ಟರು ಕೇಳುತ್ತಾರೆ. "ಹೊರಲ್ಲ," ಎನ್ನುತ್ತಾರೆ ಬ್ರೆಡ್ಡಕ್ಕ. ಆಮೇಲೆ, ಎಂದಿನ ಗಟ್ಟಿ ದನಿ ಬಿಟ್ಟು, "ಇವರನ್ನ ಕೂರ್‍ಸ್ಕೊಂಡು ಹೋಗಬಹುದಲ್ಲ? ಇವರು ಮಾಲಲ್ಲ ತಾನೆ?" ಎಂದು ಕೇಳುತ್ತಾರೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, ಅಲ್ಲ ಎನ್ನುತ್ತಾರೆ. ಭಾನುವಾರಗಳಲ್ಲಿ ಎಲ್ಲಿಗೆ ಬೇಕಾದರೂ ಹೋಗಿ ಬನ್ನಿ, ಗಲ್ಲಿ ಮಾತ್ರ ನೋಡಿಕೊಳ್ಳಿ ಎನ್ನುತ್ತಾರೆ.

ಒಂದನೇ ತಾರೀಖು ನಾನು ಮತ್ತೆ ಹೋಗುತ್ತೇನೆ. ಬ್ರೆಡ್ಡಕ್ಕ ಕತ್ತಲಿರುವಾಗಲೇ ಒಬ್ಬರೇ ಹೊರಟುಹೋಗಿದ್ದಾರೆ. ಮನೆಯ ಬಾಗಿಲು ಮುಚ್ಚಿದೆ; ಕರೆದರೆ ಓಗೊಡುವವರಿಲ್ಲ. ಪಕ್ಕದ ತಗಡಿನ ಶೆಡ್ಡಿನಿಂದ ಕೆಮ್ಮು ಕೇಳಿಸುತ್ತದೆ. ಇಣುಕಿದರೆ, ನಿಂತ ಕಾರಿನ ಮುಂದಿನ ಸೀಟಿನಲ್ಲಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು, ಮಫ್ಲರ್ ಸುತ್ತಿಕೊಂಡು ಯಜಮಾನರು ಕೂತಿದ್ದಾರೆ. ಕಿಟಕಿ ಪೂರಾ ತೆರೆದಿದೆ.

"ನಿದ್ದೆ ಬರ್ಲಿಲ್ಲ," ಎನ್ನುತ್ತಾರೆ. "ಎದ್ದು ಅಭ್ಯಾಸ." ಆಗಾಗ ಅವರು, ಈಗ ಹಾಸ್ಟೆಲು, ಈಗ ಡಿಪೋ, ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ.

ಬಿಸಿಲೇರಿದ ಮೇಲೆ ಬ್ರೆಡ್ಡಕ್ಕ ಬರುತ್ತಾರೆ, ಕೈಕಾಲು ತೊಳೆಯದೆ ಮೈಮೇಲೆ ಹಿಟ್ಟಿನ ಪುಡಿ ಇರುವಾಗಲೇ. ಮನೆಯೊಳಗೆ ಹೋಗುವುದಿಲ್ಲ. ನೇರ ಶೆಡ್ಡಿಗೆ ಬಂದು, ಬಾಗಿಲು ತೆಗೆದು, ಸ್ಟೀರಿಂಗ್ ಮುಂದೆ ಕೂರುತ್ತಾರೆ. ನಾನಿರುವುದನ್ನು ಇಬ್ಬರೂ ಮರೆತಿದ್ದಾರೆ.

"ಹೊಸ ಗಾಡಿ ಹೇಗಿತ್ತು?" ಎಂದು ಗಂಡ ಕೇಳುತ್ತಾರೆ.

"ಕುಲುಕುತ್ತೆ."

"ಕಾರು ಎಲ್ಲಿ ಅಂತ ಕೇಳಿರ್ಬೇಕಲ್ಲ ಎಲ್ಲರೂ?"

ಬ್ರೆಡ್ಡಕ್ಕ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ.

"ಕಾರಿನ ಸುದ್ದಿ ಒಬ್ಬರೂ ಎತ್ತಲಿಲ್ಲ ಕಣ್ರೀ," ಎನ್ನುತ್ತಾರೆ. "ಒಂದೊಂದು ಗೇಟಲ್ಲೂ, ನೀವೆಲ್ಲಿ ಅಂತ ಕೇಳಿದ್ರು."